ಮೂವತ್ತೆರಡು ಮನೆಯ ಬೀಗರೂಟ

ಸಮಾಧಾನಪ್ಪನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವನಷ್ಟು ಸಮಾಧಾನವಿಲ್ಲದ ಮನುಷ್ಯ ಹಿರಿಯೂರು ತಾಲ್ಲೂಕಿನಲ್ಲೇ ಇನ್ನೊಬ್ಬನಿರಲಿಲ್ಲ. ಮನೆ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವನು. ಎರಡು ವರ್ಷದಿಂದ ಹನಿ ಮಳೆಯಿಲ್ಲದ ಊರಿನಲ್ಲಿ ದಿನಾ ಕೊಡೆ ಹಿಡಿದು ಹೊರಡುವವನು.

ಯಲ್ಲದಕೆರೆಯಿಂದ ಮೂರು ಮೈಲಿ ಆಚೆ ಕಂಬಳಿಹಟ್ಟಿ ಎಂಬ ಮೂವತ್ತೆರಡು ಮನೆಯ ಊರು. ಕುರಿ ಸಾಕುವವರು, ಜೊತೆಗೆ ಒಂದಿಷ್ಟು ರಾಗಿ ಬೆಳೆಯುವವರು. ಊರ ಹೊರಗೆ ಮಿಶನ್ನಿನವರ ಒಂದು ಹೆಂಚಿನ ಕಟ್ಟಡ. ವಾರದಲ್ಲಿ ಐದು ದಿನ ಅದು ಶಾಲೆ, ಭಾನುವಾರ ದೇವಾಲಯ. ಸಮಾಧಾನಪ್ಪ ಅಲ್ಲಿ ಮೇಷ್ಟ್ರೂ ಹೌದು, ಉಪದೇಶಿಯೂ ಹೌದು. ಉಪದೇಶಿ ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ; ಕೆಲಸ ಮಾತ್ರ ಪಾದ್ರಿಗಿಂತ ಎರಡು ಮೆಟ್ಟಿಲು ಜಾಸ್ತಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದ. ಇಷ್ಟಾಗಿಯೂ ಭಾನುವಾರದ ಆರಾಧನೆಗೆ ಬರುವವರು ಏಳು ಜನ. ಆ ಏಳರಲ್ಲಿ ಇಬ್ಬರು ಅವನು ಮತ್ತು ಅವನ ಹೆಂಡತಿ ಜ್ಞಾನಮ್ಮ.

ಊರಿನವರಿಗೆ ಅವನ ಮೇಲೆ ಪ್ರೀತಿಯಿತ್ತು. ಕಾಗದ ಓದಿಸಲು, ಅರ್ಜಿ ಬರೆಸಲು, ಕುರಿಗೆ ಹೊಟ್ಟೆ ಉಬ್ಬರಿಸಿದರೆ ಔಷಧಿ ಕೇಳಲು ಅವನ ಹತ್ತಿರವೇ ಬರುವರು. ಅವನು ಯಾರ ಮನೆಗೆ ಹೋದರೂ "ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ" ಎಂದು ಜಗಲಿಯ ಮೇಲೆ ಕಂಬಳಿ ಹಾಸುವರು. ಒಳಗೆ ಬಾ ಎಂದು ಮಾತ್ರ ಯಾರೂ ಕರೆದಿರಲಿಲ್ಲ. ಅವನ ತಾತ ಯಾವ ಕೇರಿಯಲ್ಲಿ ಹುಟ್ಟಿದವನೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇವನೂ ಜಗಲಿಯ ಮೇಲೆ ಮಜ್ಜಿಗೆ ಕುಡಿದು, ಕೊಡೆ ಹಿಡಿದು ಎದ್ದು ಬರುತ್ತಿದ್ದ.

ಅರವತ್ತಾರನೇ ಇಸವಿ. ಎರಡನೇ ವರ್ಷವೂ ಮಳೆ ಕೈಕೊಟ್ಟಿತು. ಗಟ್ಟಿಮುಟ್ಟಾದ ಗಂಡಸರು ಕುರಿ ಹೊಡೆದುಕೊಂಡು ಹಸಿರಿರುವ ಸೀಮೆ ಹುಡುಕಿ ಭದ್ರಾ ಕಡೆ ಹೋದರು. ಊರಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಾ ಹೇಳುತ್ತಾ ಏಳರ ಹತ್ತಿರ ನಿದ್ದೆ ಹೋಗುತ್ತಿದ್ದರು. ಮೊದಮೊದಲು ಸಮಾಧಾನಪ್ಪ ಬೆತ್ತ ತೆಗೆಯುತ್ತಿದ್ದ. ಆಮೇಲೆ ತಿಳಿಯಿತು: ಅದು ನಿದ್ದೆಯಲ್ಲ, ಹಸಿವು. ಅವತ್ತೇ ಕೂತು ಚಿತ್ರದುರ್ಗದ ದೊಡ್ಡ ಪಾದ್ರಿ ಜಯಶೀಲಯ್ಯನವರಿಗೆ ನಾಲ್ಕು ಹಾಳೆ ಕಾಗದ ಬರೆದ.

ಹದಿನೈದು ದಿನಕ್ಕೆ ಲಾರಿ ಬಂತು. ಹದಿನಾರು ಮೂಟೆ ಗೋದಿ ನುಚ್ಚು, ಆರು ಡಬ್ಬ ಹಾಲಿನ ಪುಡಿ. ಎಲ್ಲ ಅಮೇರಿಕದ್ದು. ಇಳಿಸಲು ಊರಿನವರೆಲ್ಲ ಬಂದರು. ಇಳಿಸಿ, ಬೆವರು ಒರೆಸಿಕೊಂಡು, ಮೂಟೆಗಳನ್ನು ನೋಡುತ್ತಾ ನಿಂತರು. ಪ್ರತಿ ಮೂಟೆಯ ಮೇಲೂ ಒಂದು ಚಿತ್ರವಿತ್ತು. ಎರಡು ಕೈ, ಒಂದನ್ನೊಂದು ಹಿಡಿದುಕೊಂಡಿದ್ದವು. ಸುತ್ತಲೂ ಇಂಗ್ಲಿಷ್ ಅಕ್ಷರ.

ಊರಿನ ಯಜಮಾನ ತಿಪ್ಪೇರುದ್ರಪ್ಪ ಮುಂದೆ ಬಂದ. ವಾರಕ್ಕೊಮ್ಮೆ ಹಿರಿಯೂರು ಸಂತೆಗೆ ಹೋಗಿ ಬರುವವನಾದ್ದರಿಂದ ಅವನಿಗೆ ಇಂಗ್ಲಿಷ್ ಬರುತ್ತದೆಂದು ಊರಿನಲ್ಲಿ ನಂಬಿಕೆ. ಅವನಿಗೂ ಹಾಗೆಯೇ ನಂಬಿಕೆ. ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

"ಇದು ಧಾರೆ" ಅಂದ.

"ಏನ್ ಧಾರೆ?"

"ಮದುವೆ ಧಾರೆ. ಕೈ ಮ್ಯಾಲೆ ಕೈ ಐತೆ, ಕಾಣಲ್ವ? ಇತ್ಲಾಗಿಂದು ಹೆಣ್ಣಿನ ಕೈ, ಅತ್ಲಾಗಿಂದು ಗಂಡಿನ ಕೈ. ಈ ಕಾಳು ಯಾರು ತಿಂತಾರೋ ಅವರ ಮನೆ ಹೆಣ್ಣು ಅಮೇರಿಕದ ಗಂಡಿಗೆ. ಹಂಗಂತ ಸುತ್ತ ಬರೆದಾರೆ."

ಹೆಂಗಸರು ತಮ್ಮ ತಮ್ಮ ಹೆಣ್ಣುಮಕ್ಕಳ ರಟ್ಟೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು.

ಸಮಾಧಾನಪ್ಪ ಗಾಬರಿಯಾದ. "ಅಲ್ಲಪ್ಪ ಗೌಡ್ರೆ! ಅದು ಸ್ನೇಹದ ಗುರುತು! ಅವರ ದೇಶ, ನಮ್ಮ ದೇಶ ಸ್ನೇಹಿತರು ಅಂತ."

"ಸ್ನೇಹಿತರು ಹೆಗಲ ಮ್ಯಾಲೆ ಕೈ ಹಾಕ್ಕಂತಾರೆ ಮೇಷ್ಟ್ರೆ. ಕೈಯಾಗೆ ಕೈ ಇಕ್ಕಾದು ಮದುವ್ಯಾಗೆ ಒಂದೇ. ನಮಗೂ ಒಂದೀಟು ತಿಳಿತೈತೆ."

ಜನ ಚದುರಿದರು. ಮೂಟೆಗಳೆಲ್ಲ ದೇವಾಲಯದೊಳಗೆ ಕೂತವು. ಆ ಭಾನುವಾರ ಏಳು ಜನ ಹದಿನಾರು ಮೂಟೆಗಳ ಸಂದಿಯಲ್ಲಿ ಅಲ್ಲಲ್ಲಿ ತಲೆಯೆತ್ತಿ ಕೀರ್ತನೆ ಹಾಡಿದರು. ಸಮಾಧಾನಪ್ಪ ಮಾತಾಡಲು ಎದ್ದು ನಿಂತ. ಹಸಿದವರಿಗೆ ಊಟ ಕೊಡಿ ಎಂದು ಯೇಸುಸ್ವಾಮಿ ಹೇಳಿದ್ದಾನೆ, ಹಸಿದವರು ತಿನ್ನುವುದಿಲ್ಲ ಅಂದರೆ ಏನು ಮಾಡಬೇಕೆಂದು ಹೇಳಿಲ್ಲವಲ್ಲ ಎಂದು ಅವನು ಪಕ್ಕದ ಮೂಟೆಗೊಂದು ಗುದ್ದಿದ. ಆ ಉದ್ವೇಗದಲ್ಲಿ, ಮೊದಲೇ ಯೋಚಿಸಿರದ ಒಂದು ಮಾತು ಬಾಯಿಂದ ಬಂದುಬಿಟ್ಟಿತು.

"ಈ ಊರು ಈ ಕಾಳು ಉಣ್ಣೋ ತನಕ ನಾನು ಅನ್ನ ನೀರು ಮುಟ್ಟಲ್ಲ!" ಅಂದ. ಒಂದು ಗಳಿಗೆ ಬಿಟ್ಟು, "ನೀರು ಮುಟ್ಟುತ್ತೇನೆ" ಎಂದು ಸೇರಿಸಿದ.

ಮನೆಗೆ ಬಂದ ಮೇಲೆ ಜ್ಞಾನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅವರು ಗೋದಿ ಬ್ಯಾಡ ಅಂದ್ರೆ ನೀವು ರಾಗಿ ಬಿಡಾದು ಯಾವ ನ್ಯಾಯ ರೀ? ನಿಮ್ಮ ಪಾಲಿನ ಮುದ್ದೆ ಯಾರು ತಿನ್ನಬೇಕು?"

"ನೀನು ತಿನ್ನು."

"ತಿಂತೀನಿ" ಎಂದು ಅವಳು ತಿಂದಳು. ಅವನು ಬಾಗಿಲಿಗೆ ಬೆನ್ನು ಹಾಕಿ ಕೂತು ಕೀರ್ತನೆಯ ಪುಸ್ತಕ ಓದಿದ. ಸೊಪ್ಪಿನ ಸಾರಿನ ವಾಸನೆ ಪುಸ್ತಕದ ಒಳಗಿಂದಲೇ ಬರುತ್ತಿರುವ ಹಾಗಿತ್ತು.

ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ದಿನ ಶಾಲೆಯಲ್ಲಿ ಮೇಷ್ಟ್ರೇ ಮಗ್ಗಿ ಹೇಳುತ್ತಾ ಏಳರ ಹತ್ತಿರ ನಿದ್ದೆ ಹೋದರು. ಮಕ್ಕಳು ಓಡಿ ಬಂದು ಊರಿಗೆ ಸುದ್ದಿ ಹೇಳಿದವು. ಮೂರನೇ ದಿನ ಬೆಳಿಗ್ಗೆ ಊರಿನವರೆಲ್ಲ ಬೇವಿನ ಮರದ ಕಟ್ಟೆಯ ಬಳಿ ಸೇರಿದರು. ಎಲ್ಲರಿಗೂ ಹೆದರಿಕೆ ಹತ್ತಿತ್ತು.

"ಸತ್ತೇ ಹೋದ್ರೆ ಏನ್ ಗತಿ?" ಅಂದಳು ಪಾಲಮ್ಮ. ಇಬ್ಬರು ಮಕ್ಕಳ ತಾಯಿ. ಗಂಡ ಕುರಿಯ ಹಿಂದೆ ಹೋಗಿದ್ದ. "ಹಸಿವಿನಾಗೆ ಸತ್ತೋರು ದೆವ್ವ ಆಗ್ತಾರೆ."

"ಅದೂ ಕಿರಸ್ತಾನರ ದೆವ್ವ" ಎಂದ ತಿಪ್ಪೇರುದ್ರಪ್ಪ ಗಂಭೀರವಾಗಿ. "ನಮ್ಮ ಪೂಜಾರಿ ಮಂತ್ರ ಅದಕ್ಕೆ ನಾಟಲ್ಲ. ಬ್ಯಾರೆ ಮತದ್ದು. ಮಂತ್ರ ಹಾಕಿದ್ರೆ 'ಇದು ನನಗಲ್ಲ' ಅಂತ ಸುಮ್ಕೆ ಕುಂತ್ಕಂತೈತೆ."

"ಮೇಷ್ಟ್ರು ಬ್ಯಾರೆ. ರಾತ್ರಿ ಬಂದು ಮಗ್ಗಿ ಕೇಳಿದ್ರೆ?" ಅಂದ ಇನ್ನೊಬ್ಬ ಮುದುಕ. ಎಲ್ಲರಿಗೂ ಮೈ ಜುಮ್ಮೆಂದಿತು.

ಆಗ ಬರಗೇರಮ್ಮ ಕೋಲೂರಿಕೊಂಡು ಎದ್ದಳು. ತಿಪ್ಪೇರುದ್ರಪ್ಪನ ಸೋದರತ್ತೆ, ಎಂಬತ್ತರ ಆಸುಪಾಸು, ಊರಿನಲ್ಲಿ ಯಾರನ್ನು ಬೇಕಾದರೂ ಲೇ ಅನ್ನುವ ಹಕ್ಕು ಗಳಿಸಿದವಳು.

"ಲೇ ತಿಪ್ಪೇರುದ್ರ, ಧಾರೆ ಅಂತ ನಿಂಗೆ ಯಾರು ಹೇಳಿದ್ರು ಅಂತ ನಾನು ಕೇಳಲ್ಲ. ಈ ಮದುವೆ ಗಿದುವೆ ಎಲ್ಲ ನೆಪ. ಸುಮ್ಕೆ ಕೈ ಚಾಚಾಕೆ ನಮಗೆ ನಾಚಿಕೆ, ಅದು ನಿಜ. ನನಗೂ ನಾಚಿಕೆನೇ. ಆದ್ರೆ ಹೋಗ್ಲಿ, ಅದು ಧಾರೆನೇ ಅನ್ನಾಣ. ಧಾರೆ ಆದ ಮ್ಯಾಲೆ ಅವರು ನಮಗೆ ಏನಾದ್ರು?"

"ಬೀಗರು" ಅಂದ ತಿಪ್ಪೇರುದ್ರಪ್ಪ ಅನುಮಾನದಿಂದ.

"ಬೀಗರು ಕಾಳು ಕಳಿಸಿದ್ರೆ ಇಸ್ಕಳಾಕೆ ನಾಚಿಕೆ ಏನು? ಮರ್ಯಾದಿ ಅದು. ಆದ್ರೆ ಬೀಗರಿಗೆ ನಾವೂ ಊಟ ಹಾಕಬೇಕು. ಮನೆ ಮನೆಯಾಗೂ. ಆಮ್ಯಾಲೆ ಮೂಟೆ ಬಿಚ್ಚಾಣ."

"ಹೆಣ್ಣು?" ಎಂದು ಕೇಳಿದಳು ಪಾಲಮ್ಮ.

"ಅದನ್ನ ಆಮ್ಯಾಲೆ ನೋಡಾಣ. ಅಮೇರಿಕಕ್ಕೆ ಇನ್ನೂ ಬಸ್ಸು ಬಿಟ್ಟಿಲ್ಲ."

"ಅತ್ತೆ, ಅಮೇರಿಕದೋರು ಉಣ್ಣಾಕೆ ಇಲ್ಲಿಗ್ಯಾಕೆ ಬರ್ತಾರೆ?" ಎಂದ ತಿಪ್ಪೇರುದ್ರಪ್ಪ.

"ಅವರ ಕಡೆ ಮನುಷ್ಯ ಇಲ್ಲೇ ಅವ್ನಲ್ಲ, ಹೊಟ್ಟೆ ಕಾಯಿಸ್ಕಂಡು."

ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು: "ಊಟ ಹಾಕಾದು... ಒಳಗಾ?"

ಬರಗೇರಮ್ಮ ಕೋಲಿನಿಂದ ನೆಲಕ್ಕೆ ಕುಟ್ಟಿದಳು. "ಬೀಗನ್ನ ಜಗಲಿ ಮ್ಯಾಲೆ ಕುಂಡ್ರಿಸಿ ಉಣ್ಣಾಕಿಕ್ತೀರೇನ್ಲೇ? ನಿಮ್ಮ ಮನೆತನಕ್ಕೆ ಅಷ್ಟೂ ಗೊತ್ತಿಲ್ವಾ?"

ಮನೆತನದ ಮಾತು ಬಂದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಹತ್ತು ಗಂಟೆಯ ಹೊತ್ತಿಗೆ ಇಡೀ ಊರು ಸಮಾಧಾನಪ್ಪನ ಬಾಗಿಲಿಗೆ ಬಂತು. ವಿಷಯ ಕೇಳಿ ಅವನು ತಬ್ಬಿಬ್ಬಾದ. ಊರು ಉಂಡ ಮೇಲೆ ತಾನು ಉಣ್ಣುವುದೆಂದು ಹರಕೆ. ಮೇಷ್ಟ್ರು ಉಂಡ ಮೇಲೆ ತಾವು ಉಣ್ಣುವುದೆಂದು ಊರಿನವರು. ಒಳಗೆ ಹೋಗಿ ಮೊಣಕಾಲೂರಿ ದೇವರನ್ನು ಕೇಳಿದ. ದೇವರು ಏನೂ ಹೇಳಲಿಲ್ಲ. ಜ್ಞಾನಮ್ಮ ಹೇಳಿದಳು.

"ಹತ್ತೊಂಬತ್ತು ವರ್ಷ ಆಯ್ತು. ಒಳಗೆ ಬಾ ಅಂತ ಕರೀತಾವ್ರೆ. ಇನ್ನೂ ದೇವರ ಬಾಯಾಗೂ ಕೇಳಬೇಕಾ? ಏಳ್ರಿ, ಹೋಗಾಣ."

ಮೊದಲ ಮನೆ ಬರಗೇರಮ್ಮನದೇ. ತಲೆ ಬಗ್ಗಿಸಿ ಹೊಸ್ತಿಲು ದಾಟಿದ. ಒಳಗೆ ಕಣ್ಣಿಗೆ ಕತ್ತಲು ಕಟ್ಟಿತು. ಕುರಿ ಉಣ್ಣೆಯ ವಾಸನೆ, ಒಲೆಯ ಹೊಗೆ. ಅವಳು ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ, ಒಂದು ಸೌಟು ಹುರುಳಿ ಸಾರು ಬಡಿಸಿದಳು. ಮೂರು ದಿನದ ಮೇಲಿನ ಮೊದಲ ತುತ್ತು. ಸಮಾಧಾನಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಸ್ವರ್ಗದ ಬಾಗಿಲು ತೆರೆದ ಹಾಗಾಯಿತು. "ಇನ್ನೊಂದೀಟು" ಎಂದು ಅವನೇ ಕೇಳಿಬಿಟ್ಟ.

ಅದೇ ತಪ್ಪಾಯಿತು. ಮೇಷ್ಟ್ರು ಬರಗೇರಮ್ಮನ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡರು ಎಂಬ ಸುದ್ದಿ ಅವನಿಗಿಂತ ಮುಂಚೆ ಪಕ್ಕದ ಮನೆಗೆ ಹೋಯಿತು. ಅಲ್ಲಿಯೂ ಎರಡು ಸಲ. ಮೂರನೇ ಮನೆಯವರು ತಮ್ಮದೇನು ಕಡಿಮೆಯೆಂದು ಮುದ್ದೆಯನ್ನು ಮೋಸಂಬಿಯಷ್ಟು ಮಾಡಿದರು. ಎಂಟನೇ ಮನೆಯ ಹೊತ್ತಿಗೆ ಸ್ವರ್ಗದ ಬಾಗಿಲು ಮೆಲ್ಲಗೆ ಮುಚ್ಚತೊಡಗಿತು. ಹನ್ನೊಂದರಲ್ಲಿ ಅವನು ಪಂಚೆಯ ಗಂಟು ಸಡಿಲಿಸಿದ. ತಟ್ಟೆಯಲ್ಲಿ ಬಿಡುವ ಹಾಗಿಲ್ಲ. ಬೀಗ ತಟ್ಟೆಯಲ್ಲಿ ಬಿಟ್ಟರೆ ಮನೆಗೆ ಅವಮಾನ ಎಂದು ತಿಪ್ಪೇರುದ್ರಪ್ಪ ಪ್ರತಿ ಮನೆಯಲ್ಲೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಾವಲು ಕಾಯುತ್ತಿದ್ದ.

"ಸಾಕು" ಅಂದ ಸಮಾಧಾನಪ್ಪ.

"ಬೀಗರು ಮೂರು ಸತಿ ಸಾಕು ಅನ್ನಬೇಕು ಮೇಷ್ಟ್ರೆ. ಒಂದೇ ಸತಿಗೆ ಕೇಳಿದ್ರೆ ನಮಗೆ ಬುದ್ಧಿ ಇಲ್ಲ ಅಂತಾರೆ."

"ಸಾಕು ಸಾಕು ಸಾಕು!"

"ಒಟ್ಟಿಗೆ ಅಂದ್ರೆ ಅದು ಒಂದೇ."

ಇಷ್ಟೆಲ್ಲದರ ನಡುವೆ ಅವನಿಗೆ ಒಂದು ವಿಷಯ ನಿಧಾನವಾಗಿ ತಿಳಿಯತೊಡಗಿತ್ತು. ಮುದ್ದೆ ದೊಡ್ಡದಾಗುತ್ತಿತ್ತು ನಿಜ, ಆದರೆ ಅದರಲ್ಲಿ ರಾಗಿ ಕಡಿಮೆಯಾಗುತ್ತಿತ್ತು. ಒಂದು ಮನೆಯಲ್ಲಿ ಅರ್ಧ ಅಣ್ಣೆ ಸೊಪ್ಪು. ಇನ್ನೊಂದರಲ್ಲಿ ಹುಣಸೆ ಬೀಜದ ಹಿಟ್ಟು, ನಾಲಿಗೆಗೆ ಒಗರು. ಒಂದು ಮನೆಯ ಸಾರು ಬರೀ ಉಪ್ಪು, ಮೆಣಸಿನಕಾಯಿ, ಬಿಸಿನೀರು. ಹತ್ತೊಂಬತ್ತು ವರ್ಷ ಜಗಲಿಯ ಮೇಲೆ ಕೂತವನಿಗೆ ಗೊತ್ತಾಗದೇ ಇದ್ದದ್ದು ಒಳಗೆ ಕೂತ ಒಂದೇ ಹಗಲಿನಲ್ಲಿ ಗೊತ್ತಾಯಿತು.

ಪಾಲಮ್ಮನ ಮನೆಯಲ್ಲಿ ಮುದ್ದೆ ಬಂತು. ಒಲೆ ಮಾತ್ರ ತಣ್ಣಗಿತ್ತು. ಹಿಟ್ಟು ಪಕ್ಕದ ಮನೆಯಿಂದ ಬಂದದ್ದು, ಬೆಂದದ್ದೂ ಪಕ್ಕದ ಮನೆಯಲ್ಲೇ. ಅವಳ ಇಬ್ಬರು ಮಕ್ಕಳು ಗೋಡೆಗೊರಗಿ ಅವನ ಕೈ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಹೋಗುವುದನ್ನು ನೋಡುತ್ತಿದ್ದವು. ಸಮಾಧಾನಪ್ಪನ ಕಣ್ಣಲ್ಲಿ ನೀರು ಇಳಿಯಿತು.

"ಖಾರ ಆಯ್ತಾ ಮೇಷ್ಟ್ರೆ?" ಎಂದು ಪಾಲಮ್ಮ ಗಾಬರಿಯಿಂದ ಕೇಳಿದಳು.

"ಸ್ವಲ್ಪ" ಅಂದ. ತಿಪ್ಪೇರುದ್ರಪ್ಪನ ಕಡೆ ತಿರುಗಿ, "ಗೌಡ್ರೆ, ಬೀಗರ ಕಡೆ ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕಂಡು ತಿನ್ನಿಸೋ ಪದ್ಧತಿ ಐತೆ. ಅದು ಮಾಡ್ಲಿಲ್ಲ ಅಂದ್ರೆ ನಮಗೆ ಅವಮಾನ" ಎಂದ.

ಅಂಥ ಪದ್ಧತಿಯನ್ನು ತಿಪ್ಪೇರುದ್ರಪ್ಪ ಕೇಳಿಯೇ ಇರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವುದು ಅವನ ಅಭ್ಯಾಸವಲ್ಲ. "ಹೌದೌದು, ಐತೆ" ಅಂದ. ಮಕ್ಕಳು ಬಂದು ಆಚೀಚೆ ಕೂತವು. ಮುದ್ದೆ ಮೂರು ಪಾಲಾಯಿತು.

ಅಲ್ಲಿಂದ ಮುಂದೆ ಮಕ್ಕಳಿರುವ ಮನೆಯಲ್ಲೆಲ್ಲ ಆ ಪದ್ಧತಿ ನಡೆಯಿತು. ಮಕ್ಕಳಿಲ್ಲದ ಮನೆಗಳಲ್ಲಿ ಮಾತ್ರ ಪೂರ್ತಿ ಅವನ ಪಾಲಿಗೇ. ಇಪ್ಪತ್ತನಾಲ್ಕನೇ ಮನೆಯಿಂದ ಹೊರಗೆ ಬಂದವನು ಬೀದಿಯಲ್ಲಿ ನಿಂತುಬಿಟ್ಟ. ಕಾಲು ಬಗ್ಗಲಿಲ್ಲ. ತಿಪ್ಪೇರುದ್ರಪ್ಪ ಅವನನ್ನು ಬೇವಿನ ಮರ ಮೂರು ಸುತ್ತು ಸುತ್ತಿಸಿದ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಯಾರದೋ ಹಗ್ಗದ ಮಂಚ ತಂದು, ಅವನನ್ನು ಮಲಗಿಸಿ, ನಾಲ್ವರು ಮುದುಕರು ನಾಲ್ಕು ಮೂಲೆ ಹಿಡಿದು ಎತ್ತಿದರು. ಅವರೂ ಹಸಿದವರೇ, ಹತ್ತು ಹೆಜ್ಜೆಗೊಮ್ಮೆ ಇಳಿಸುವರು. ಜ್ಞಾನಮ್ಮ ಪಕ್ಕದಲ್ಲಿ ಅವನ ಕೊಡೆ ಬಿಡಿಸಿ ಹಿಡಿದು ನಡೆದಳು. ಮುಂದೆ ಮಕ್ಕಳು, ಹಿಂದೆ ಹೆಂಗಸರು. ದೂರದಿಂದ ನೋಡಿದ ದಾರಿಹೋಕನೊಬ್ಬ ಶವಯಾತ್ರೆಯೆಂದು ತಿಳಿದು ಕೈ ಮುಗಿದ. ಮಂಚದ ಮೇಲಿನಿಂದ ಸಮಾಧಾನಪ್ಪನೂ ಕೈ ಮುಗಿದ. ದಾರಿಹೋಕ ಬುತ್ತಿ ಬಿಟ್ಟು ಓಡಿದ.

ಮೂವತ್ತೆರಡನೇ ಮನೆ ತಿಪ್ಪೇರುದ್ರಪ್ಪನದು. ಹೊತ್ತು ಮುಳುಗುತ್ತಿತ್ತು. ಯಜಮಾನನ ಮನೆಯೆಂದ ಮೇಲೆ ಮುದ್ದೆ ತೆಂಗಿನಕಾಯಿ ಗಾತ್ರ. ಸಮಾಧಾನಪ್ಪ ಅದನ್ನು ನೋಡಿದ. ಅದೂ ಇವನನ್ನು ನೋಡಿದ ಹಾಗಾಯಿತು.

"ಗೌಡ್ರೆ" ಅಂದ ಕ್ಷೀಣವಾಗಿ, "ಬೀಗರ ಕಡೆ ಇನ್ನೊಂದು ಪದ್ಧತಿ ಐತೆ. ಕೊನೇ ಮನೆಯಾಗೆ ಯಜಮಾನ್ರ ಜೊತೆ ಒಂದೇ ತಟ್ಟೆಯಾಗೆ ಉಣ್ಣಬೇಕು."

ಮನೆ ತುಂಬ ಜನ. ಎಲ್ಲರೂ ಯಜಮಾನನ ಕಡೆ ತಿರುಗಿದರು. ತಿಪ್ಪೇರುದ್ರಪ್ಪ ತಟ್ಟೆ ನೋಡಿದ, ಮೇಷ್ಟ್ರ ಮುಖ ನೋಡಿದ, ಅತ್ತೆ ಬರಗೇರಮ್ಮನ ಕೋಲು ನೋಡಿದ. ಬೆಳಗಿನಿಂದ ಮೂವತ್ತೊಂದು ಮನೆಯಲ್ಲಿ ಊಟ ನೋಡುತ್ತಾ ಬರೀ ಉಗುಳು ನುಂಗಿ ಕೂತಿದ್ದವನು ಅವನು. ಕೈ ತೊಳೆದುಕೊಂಡು ಎದುರಿಗೆ ಕೂತ. ಅರ್ಧಕ್ಕಿಂತ ಹೆಚ್ಚು ಅವನೇ ತಿಂದ.

ಮಾರನೇ ದಿನ ಬೆಳಿಗ್ಗೆ ಮೂಟೆಗಳು ಬಿಚ್ಚಿಕೊಂಡವು. ಹೆಂಗಸರು ಮೊರ, ಮಡಕೆ ಹಿಡಿದು ಬಂದರು. ಯಾರೂ ತಲೆ ತಗ್ಗಿಸಿರಲಿಲ್ಲ. ಬೀಗರ ಮನೆಯಿಂದ ಬಂದದ್ದನ್ನು ಒಯ್ಯುವ ಠೀವಿಯಿತ್ತು. ಬರಗೇರಮ್ಮ ಗೋದಿ ನುಚ್ಚಿನಲ್ಲಿ ಮುದ್ದೆ ಕಟ್ಟಲು ಹೋದಳು. ಅದು ಕೈಯಲ್ಲಿ ನಿಲ್ಲದೆ ಉದುರಿತು. ಅಮೇರಿಕದವರಿಗೆ ಒಗ್ಗಟ್ಟಿಲ್ಲ ಎಂದು ಬೈದಳು. ಜ್ಞಾನಮ್ಮ ಒಂದು ಹಿಡಿ ರಾಗಿ ಹಿಟ್ಟು ಬೆರೆಸಿ ತೋರಿಸಿದಳು, ನಿಂತಿತು.

ಅದರ ಮಾರನೇ ದಿನ ಮಧ್ಯಾಹ್ನ ಚಿತ್ರದುರ್ಗದಿಂದ ಜೀಪು ಬಂತು. ಪಾದ್ರಿ ಜಯಶೀಲಯ್ಯನವರು ಇಳಿದರು. ಕರಾವಳಿ ಕಡೆಯವರು, ಮೃದು ಮನಸ್ಸು. ಬೇವಿನ ಮರದ ಕೆಳಗೆ ಮಂಚದ ಮೇಲೆ ಸಮಾಧಾನಪ್ಪ ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು, ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಇಬ್ಬರು ಹೆಂಗಸರು ಗಾಳಿ ಹಾಕುತ್ತಿದ್ದರು.

ಪಾದ್ರಿಯವರು ಅಲ್ಲೇ ಮಂಡಿಯೂರಿದರು. "ಎಂತದು ಇದು ಸಮಾಧಾನಪ್ಪ! ಹಸಿವಿನಿಂದ ಹೊಟ್ಟೆ ಊದಿಕೊಳ್ಳುತ್ತದೆ ಅಂತ ಓದಿದ್ದೆ. ಇವತ್ತು ಕಣ್ಣಾರೆ ಕಂಡೆ. ಜನರಿಗೆಲ್ಲ ಹಂಚಿ ನೀವೇ ಉಪವಾಸ ಬಿದ್ದಿರಲ್ಲ ಮಾರಾಯರೇ!" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾಳೆಯೇ ಇನ್ನೂ ಇಪ್ಪತ್ತು ಮೂಟೆ ಕಳಿಸುತ್ತೇನೆ."

ತಿಪ್ಪೇರುದ್ರಪ್ಪ ಹಿಂದಿನಿಂದ ಮಂಚದ ಹಗ್ಗದ ಸಂದಿಯಲ್ಲಿ ಸಮಾಧಾನಪ್ಪನ ಬೆನ್ನು ಚಿವುಟಿದ. ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಇಪ್ಪತ್ತು ಮೂಟೆ! ಸಮಾಧಾನಪ್ಪ ಪಾಲಮ್ಮನ ಮಕ್ಕಳನ್ನು ನೆನೆದ. ಹತ್ತು ಆಜ್ಞೆಗಳನ್ನೂ ನೆನೆದ. ಕಷ್ಟಪಟ್ಟು ಬಾಯಿ ತೆರೆದ. ಮಾತಿಗಿಂತ ಮೊದಲು ಒಂದು ತೇಗು ಬಂತು. ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಹುರುಳಿ ಸಾರಿನ ವಾಸನೆ ಪಾದ್ರಿಯವರ ಮುಖಕ್ಕೆ ಬಡಿಯಿತು.

"ಅಯ್ಯಾ" ಎಂದ ಸಮಾಧಾನಪ್ಪ, "ಇದು ಹಸಿವಲ್ಲ. ಮೂವತ್ತೆರಡು ಮನೆಯ ಮುದ್ದೆ."

ಎಲ್ಲವನ್ನೂ ಹೇಳಿದ. ಹರಕೆ, ಧಾರೆ, ಮಂಚ, ಒಂದನ್ನೂ ಬಿಡಲಿಲ್ಲ. ಪಾದ್ರಿಯವರು ಮೊದಲು ಕೆಂಪಾದರು. ಆಮೇಲೆ ಯಾವುದೋ ಒಂದು ಮಾತಿಗೆ ತಡೆದು ನಿಂತರು.

"ಒಳಗೆ ಕೂತು ಉಂಡಿರಾ? ಎಲ್ಲ ಮನೆಯಲ್ಲಿಯೂ?"

"ಒಳಗೇ ಅಯ್ಯಾ."

ಪಾದ್ರಿಯವರು ಈ ಜಿಲ್ಲೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಎಳನೀರು ಬೇಕಾದಷ್ಟು ಕುಡಿದಿದ್ದರು, ಎಲ್ಲ ಜೀಪಿನ ಪಕ್ಕ ನಿಂತೇ. ಟೋಪಿ ತೆಗೆದರು. "ನನಗೆ ಹಸಿವಾಗಿದೆ" ಅಂದರು, ಯಾರಿಗೆಂದು ನೋಡದೆ.

"ಹಂಗಾದ್ರೆ ಏಳಪ್ಪ, ಇಲ್ಲೇನ್ ಕುಂತಿದೀಯ" ಎಂದು ಬರಗೇರಮ್ಮ ಅವರ ತೋಳು ಹಿಡಿದು ಕರೆದುಕೊಂಡು ಹೋದಳು. ಪಾದ್ರಿಯವರು ಕುಚಲಕ್ಕಿ ಅನ್ನ ಉಂಡು ಬೆಳೆದವರು; ಮುದ್ದೆ ನುಂಗಬೇಕೆಂದು ತಿಳಿಯದೆ ಅಗಿಯತೊಡಗಿದರು. ಗೋದಿ ರಾಗಿ ಎರಡೂ ಸೇರಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟವು. ಇಡೀ ಊರು ಬಾಗಿಲಲ್ಲಿ ನಿಂತು, ದೊಡ್ಡ ಪಾದ್ರಿಯವರು ಒಂದು ತುತ್ತು ಅಗಿಯುವುದನ್ನು ಅರ್ಧ ಗಂಟೆ ನೋಡಿತು. ಬಾಯಿ ಬಿಡಿಸಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು, ಇಪ್ಪತ್ತು ಮೂಟೆ ಹೇಗೂ ಬರುತ್ತದೆ ಎಂಬುದು.

ಬಂದವು. ಮಳೆ ಹಿಡಿಯುವ ತನಕ ತಿಂಗಳು ತಿಂಗಳು ಬಂದವು. ಶಾಲೆಯ ಹಿಂದೆ ದೊಡ್ಡ ಒಲೆ ಹೂಡಿ, ಜ್ಞಾನಮ್ಮ ಮತ್ತು ಪಾಲಮ್ಮ ಮಕ್ಕಳಿಗೆಲ್ಲ ದಿನಾ ಮಧ್ಯಾಹ್ನ ಬೇಯಿಸಿ ಹಾಕಿದರು. ಭಾನುವಾರದ ಆರಾಧನೆಗೆ ಬರುವವರು ಆಗಲೂ ಏಳೇ ಜನ.

ಸಮಾಧಾನಪ್ಪನಿಗೆ ಮತ್ತೆ ಹಸಿವಾದದ್ದು ಐದನೇ ದಿನ. ಜ್ಞಾನಮ್ಮ ಇಬ್ಬರಿಗೂ ತಟ್ಟೆ ಹಾಕಿದಳು. ಅವನು ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರು ಮಾಡಿದ. ಬರಗೇರಮ್ಮನ ಮನೆಯನ್ನು ಆಶೀರ್ವದಿಸು ಕರ್ತನೇ, ಅದರ ಪಕ್ಕದ ಮನೆಯನ್ನು ಆಶೀರ್ವದಿಸು, ಅದರಾಚೆಯ ಮನೆಯನ್ನು... ಪ್ರತಿ ಮನೆಗೂ ಅಲ್ಲಿ ತಿಂದದ್ದನ್ನು ನೆನೆದು ಒಂದೊಂದು ಮಾತು. ಏಳನೇ ಮನೆಗೆ ಬರುವಾಗ ಜ್ಞಾನಮ್ಮ ಒಂದು ಕಣ್ಣು ತೆರೆದಳು. ಸಾರು ಕೆನೆ ಕಟ್ಟುತ್ತಿತ್ತು. ಗಂಡನ ಮುಖ ನೋಡಿದಳು, ನಕ್ಕಳು, ಸದ್ದಿಲ್ಲದೆ ಮುದ್ದೆ ಮುರಿದು ಉಣ್ಣತೊಡಗಿದಳು.